ಬಾನುಲಿಯ ಸಭ್ಯತೆಯ ಗೆರೆ: ಅಲೆಯಿಂದ ಅಂತರಜಾಲಕ್ಕೆ ಬಂದಾಗ

ಕಳೆದ ದಸರೆಯಲ್ಲಿ ನಾಚಾರಂ ಬಡಾವಣೆಯ ಎಚ್‌ಎಂಟಿ ನಗರದ ಕನ್ನಡ ಮನೆಯೊಂದಕ್ಕೆ ಬೊಂಬೆ ನೋಡಲು ನಾವು ಹೋಗಿದ್ದೆವು. ಮೈಸೂರಿನಿಂದ ತಂದ ಪಟ್ಟದ ಬೊಂಬೆಗಳು, ಕೊಂಡಪಲ್ಲಿಯ ಅಂಬಾರಿ ಆನೆ, ಕೆಳಗಿನ ಮೆಟ್ಟಿಲಲ್ಲಿ ಮಕ್ಕಳೇ ಮಾಡಿದ ರಟ್ಟಿನ ಮೆಟ್ರೋ ರೈಲು, ಎಲ್ಲವೂ ಚೆನ್ನಾಗಿದ್ದವು. ಹಿರಿಯರು ಕೋಸಂಬರಿ ಸವಿಯುತ್ತಿದ್ದಾಗ ಮಕ್ಕಳು ಮೂಲೆಯಲ್ಲಿದ್ದ ಸ್ಮಾರ್ಟ್ ಸ್ಪೀಕರಿಗೆ ಕನ್ನಡದ ಕಥೆಯೊಂದನ್ನು ಹೇಳೆಂದು ಆಜ್ಞೆಯಿತ್ತರು. ಅದು ಕಥೆಯ ಬದಲು ಯಾರೋ ಇಬ್ಬರು ತರುಣರ ಹರಟೆಯ ಪಾಡ್‌ಕಾಸ್ಟನ್ನು ಹಚ್ಚಿತು. ಮೊದಲ ಅರ್ಧ ನಿಮಿಷದಲ್ಲಿ ಬಂದ ಪದಗಳನ್ನು ಇಲ್ಲಿ ಬರೆಯುವಂತಿಲ್ಲ. ಮನೆಯೊಡತಿ ಓಡಿಬಂದು ಪ್ಲಗ್ಗನ್ನೇ ಕಿತ್ತರು.

ಎಂಬತ್ತು ದಾಟಿದ ಅಜ್ಜಿ ಮಾತ್ರ ಗಾಬರಿಯಾಗಲಿಲ್ಲ. "ಇದು ಯಾವ ಸ್ಟೇಶನ್ನಪ್ಪಾ? ನಿಲಯದ ಡೈರೆಕ್ಟರರಿಗೆ ಒಂದು ಕಾರ್ಡು ಬರೆದುಹಾಕು" ಎಂದು ಮಗನಿಗೆ ಹೇಳಿದರು. ಎಲ್ಲರೂ ನಕ್ಕರು. ನಗು ಮುಗಿದ ಮೇಲೆ, ಕಾರ್ಡನ್ನು ಯಾರಿಗೆ ಬರೆಯಬೇಕೆಂದು ಅಲ್ಲಿದ್ದ ಒಬ್ಬರಿಗೂ, ನ್ಯಾಯಶಾಸ್ತ್ರ ಓದಿದವರೊಬ್ಬರನ್ನೂ ಸೇರಿಸಿ, ತಿಳಿಯಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟು ನಮಗೆ ತಿಳಿದುಬಂದದ್ದನ್ನು ಓದುಗರ ಮುಂದಿಡುತ್ತಿದ್ದೇವೆ.

ಅಜ್ಜಿಯ ಕಾಲದ ಏರ್ಪಾಡು ಸರಳವಾಗಿತ್ತು. ಹೈದರಾಬಾದಿನ ಕನ್ನಡಿಗರು ರೇಡಿಯೊ ಕಿವಿ ಹಿಂಡಿದರೆ 1107 ಕಿಲೋಹರ್ಟ್ಜಿನಲ್ಲಿ ಕಲಬುರ್ಗಿ, ರಾತ್ರಿ ವಾತಾವರಣ ಒಲಿದರೆ 765ರಲ್ಲಿ ಧಾರವಾಡ. ಧ್ವನಿ ಎಲ್ಲಿಂದ ಬಂದರೂ ಅದರ ಯಜಮಾನ ಒಬ್ಬನೇ, ಆಕಾಶವಾಣಿ. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಆರಂಭಿಸಿದ ನಿಲಯದ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತೆಂಬ ಹೆಮ್ಮೆ ನಮಗೆಲ್ಲ ಇದ್ದದ್ದೇ. ನಿಜಾಮರ ಕಾಲದ ಡೆಕ್ಕನ್ ರೇಡಿಯೊ ಕೂಡ 1950ರ ಏಪ್ರಿಲ್ 1ರಂದು ಭಾರತ ಸರ್ಕಾರದ ಕೈಸೇರಿತು. ಆಮೇಲೆ ದಶಕಗಳ ಕಾಲ ಬಾನುಲಿಯೆಂದರೆ ಸರ್ಕಾರದ ಬಾನುಲಿ. ಅದಕ್ಕೊಂದು ಪ್ರಸಾರ ಸಂಹಿತೆ ಇತ್ತು, ಈಗಲೂ ಇದೆ. ಮಿತ್ರರಾಷ್ಟ್ರಗಳ ಟೀಕೆ, ಧರ್ಮ ಹಾಗೂ ಸಮುದಾಯಗಳ ಮೇಲಿನ ದಾಳಿ, ಹಿಂಸೆಗೆ ಪ್ರಚೋದನೆ, ನ್ಯಾಯಾಲಯದ ನಿಂದನೆ ಮುಂತಾಗಿ ಒಂಬತ್ತು ಬಗೆಯ ಮಾತುಗಳನ್ನು ಅದು ನಿಷೇಧಿಸುತ್ತದೆ. ಆ ಒಂಬತ್ತರಲ್ಲಿ ಒಂದು, ಅಶ್ಲೀಲವಾದ ಅಥವಾ ಮಾನಹಾನಿಕರವಾದ ಯಾವುದೇ ಮಾತು. ಗಮನಿಸಬೇಕಾದ ಸಂಗತಿಯೆಂದರೆ ಈ ಸಂಹಿತೆ ಗಡಿಯಾರ ನೋಡುವುದಿಲ್ಲ. ಬೆಳಗಿನ ಚಿಂತನಕ್ಕೆ ಯಾವ ಗೆರೆಯೋ ನಡುರಾತ್ರಿಯ ನಾಟಕಕ್ಕೂ ಅದೇ ಗೆರೆ.

ಖಾಸಗಿಯವರು ಬಂದಾಗ ಈ ಗೆರೆ ಹೇಗೆ ಮುಂದುವರಿಯಿತೆಂಬುದರಲ್ಲಿ ಒಂದು ಸ್ವಾರಸ್ಯವಿದೆ. 1995ರ ಫೆಬ್ರುವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಕ್ರಿಕೆಟ್ ಪಂದ್ಯಗಳ ಪ್ರಸಾರದ ಮೊಕದ್ದಮೆಯಲ್ಲಿ ಒಂದು ದೊಡ್ಡ ಮಾತು ಹೇಳಿತು: ಆಕಾಶದ ಅಲೆಗಳು ಸರ್ಕಾರದ ಸ್ವತ್ತಲ್ಲ, ಸಾರ್ವಜನಿಕರ ಸ್ವತ್ತು, ಅವುಗಳ ಬಳಕೆ ಜನಹಿತಕ್ಕೆ ತಕ್ಕಂತೆ ನಿಯಂತ್ರಣಕ್ಕೆ ಒಳಪಡಬೇಕು. ಅಲೆ ಊರ ಕೆರೆಯಂತೆ. ಎಲ್ಲರದೂ ಹೌದು, ಆದ್ದರಿಂದಲೇ ಯಾರೂ ಕಸ ಎಸೆಯುವಂತಿಲ್ಲ. 2001ರ ಜುಲೈಯಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ಆರಂಭವಾಯಿತು. ಹೈದರಾಬಾದಿಗೆ ಖಾಸಗಿ ನಿಲಯಗಳು ಬಂದದ್ದು 2006ರಲ್ಲಿ. ಅವುಗಳಿಗಾಗಿ ಸಂಸತ್ತು ಅಶ್ಲೀಲತೆಯ ಹೊಸ ಕಾನೂನನ್ನೇನೂ ಬರೆಯಲಿಲ್ಲ. ಅನುಮತಿ ಪತ್ರದ ಕರಾರಿನಲ್ಲೇ ಆಕಾಶವಾಣಿಯ ಕಾರ್ಯಕ್ರಮ ಸಂಹಿತೆಯನ್ನೂ ಜಾಹೀರಾತು ಸಂಹಿತೆಯನ್ನೂ ಪಾಲಿಸತಕ್ಕದ್ದೆಂದು ಬರೆದುಕೊಂಡಿತು ಸರ್ಕಾರ. ಅಂದರೆ ಖಾಸಗಿ ಎಫ್‌ಎಂನ ಸಭ್ಯತೆ ಮೂಲತಃ ಒಂದು ಕರಾರು. ಮನೆ ಬಾಡಿಗೆಗೆ ಕೊಡುವಾಗ ಗೋಡೆಗೆ ಮೊಳೆ ಹೊಡೆಯಬಾರದೆಂದು ಬರೆಸಿಕೊಂಡಂತೆ.

ಕರಾರು ಮುರಿದರೆ ಶಿಕ್ಷೆಯೂ ಉಂಟು. 2007ರ ಸೆಪ್ಟೆಂಬರಿನಲ್ಲಿ ದೆಹಲಿಯ ರೆಡ್ ಎಫ್‌ಎಂ ನಿರೂಪಕರೊಬ್ಬರು ಗಾಯನಸ್ಪರ್ಧೆಯಲ್ಲಿ ಗೆದ್ದ ಪ್ರಶಾಂತ್ ತಮಾಂಗರ ಬಗೆಗೆ ಆಡಿದ ಮಾತು ಸಿಲಿಗುರಿಯಲ್ಲಿ ಗಲಭೆಗೆ ಕಾರಣವಾಯಿತು. ಆ ನಿಲಯದ ಪ್ರಸಾರವನ್ನು ಒಂದು ವಾರ ನಿಲ್ಲಿಸುವಂತೆ ಸಚಿವಾಲಯ ಆದೇಶಿಸಿತು. ಅಲ್ಲಿ ಆಡಿದ್ದು ಅಶ್ಲೀಲ ಮಾತಲ್ಲ, ಒಂದು ಸಮುದಾಯವನ್ನು ಹೀಗಳೆಯುವ ಮಾತು. ಆದರೂ ಬಾಗಿಲು ಮುಚ್ಚಿಸುವ ಕೀಲಿಕೈ ಒಂದೇ. 2022ರ ಡಿಸೆಂಬರಿನಲ್ಲಿ ಮದ್ಯ, ಮಾದಕವಸ್ತು, ಬಂದೂಕುಗಳನ್ನು ವೈಭವೀಕರಿಸುವ ಹಾಡುಗಳನ್ನು ಹಾಕಬೇಡಿರೆಂದು ಎಫ್‌ಎಂ ನಿಲಯಗಳಿಗೆ ಹೊರಡಿಸಿದ ಸೂಚನೆಯೂ ಇದೇ ಕರಾರಿನ ಬಲದ ಮೇಲೆ ನಿಂತದ್ದು.

ಇನ್ನು ಅಲೆಯ ಹಾದಿ ಬಿಟ್ಟು ಬಂದ ರೇಡಿಯೊಗಳ ಕಥೆ. ಇದು ನಿನ್ನೆ ಮೊನ್ನೆಯದಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ ಆರಂಭವಾದಾಗ ಸ್ವಯಂಸೇವಾ ಸಂಸ್ಥೆಗಳಿಗೆ ಅಲೆಯ ಪರವಾನಗಿಯೇ ಸಿಗುತ್ತಿರಲಿಲ್ಲ. ಹಳ್ಳಿಗರು ಮಾಡಿದ ಉಪಾಯವೆಂದರೆ ಕಾರ್ಯಕ್ರಮವನ್ನು ಟೀವಿಯ ಕೇಬಲ್ಲಿನಲ್ಲಿ ಹರಿಸುವುದು. ಆಕಾಶಕ್ಕೆ ಹೋಗದ ಆಕಾಶವಾಣಿ ಅದು! ಆಗ ಅದಕ್ಕೆ ಅನ್ವಯಿಸುವ ಕಟ್ಟಳೆ ಯಾವುದು? ಎಫ್‌ಎಂ ಕರಾರಂತೂ ಇಲ್ಲ. 1995ರ ಕೇಬಲ್ ಕಾಯಿದೆಯ ಅಡಿಯ ನಿಯಮಗಳಲ್ಲಿ ಸದಭಿರುಚಿಗೂ ಸಭ್ಯತೆಗೂ ವಿರುದ್ಧವಾದದ್ದನ್ನು ಕೇಬಲ್ಲಿನಲ್ಲಿ ಹರಿಸಬಾರದೆಂಬ ಸಂಹಿತೆಯಿದೆ, ಮತ್ತು ಆ ಕಾಯಿದೆಯ ವ್ಯಾಖ್ಯೆಯಲ್ಲಿ ಬರಿಯ ಶ್ರವಣ ಕಾರ್ಯಕ್ರಮಕ್ಕೂ ಜಾಗವಿದೆ. ದಾರಿ ಬದಲಾದೊಡನೆ ಕಾನೂನಿನ ಪುಸ್ತಕವೇ ಬದಲಾಯಿತೆಂಬುದನ್ನು ಇಲ್ಲಿಯೇ ನೋಡಬಹುದು.

ನಮ್ಮ ನೆರೆಯಲ್ಲೂ ಇಂಥದೊಂದು ಕಥೆಯಿದೆ. ಬೀದರಿನ ಗಡಿಗೆ ಅಂಟಿದ ಜಹೀರಾಬಾದಿನ ಬಳಿ ಮಾಚನೂರಿನಲ್ಲಿ ದಲಿತ ಮಹಿಳೆಯರು ವರ್ಷಗಟ್ಟಲೆ ಕ್ಯಾಸೆಟ್ಟುಗಳಲ್ಲಿ ಕಾರ್ಯಕ್ರಮ ತುಂಬಿಕೊಂಡು ಪರವಾನಗಿಗಾಗಿ ಕಾದು, 2008ರ ಅಕ್ಟೋಬರ್ 15ರಂದು ‘ಸಂಘಂ ರೇಡಿಯೊ’ ಆರಂಭಿಸಿದರು. 2006ರ ಸಮುದಾಯ ಬಾನುಲಿ ಮಾರ್ಗಸೂಚಿ ಅವರಿಗೂ ಆಕಾಶವಾಣಿಯ ಸಂಹಿತೆಯನ್ನೇ ವಿಧಿಸಿತು; ಪ್ರಸಾರ ಮಾಡಿದ್ದೆಲ್ಲವನ್ನೂ ಮೂರು ತಿಂಗಳು ಜೋಪಾನವಾಗಿ ಇಟ್ಟುಕೊಳ್ಳಬೇಕೆಂದಿತು. ಇಲ್ಲಿ ನಮಗೊಂದು ಮಾತು ಹೇಳಬೇಕೆನಿಸುತ್ತದೆ. ಹಳ್ಳಿಯ ಹೆಣ್ಣುಮಕ್ಕಳು ಮುಟ್ಟು, ಬಸಿರು, ಕುಡುಕ ಗಂಡನ ಕಾಟಗಳ ಬಗೆಗೆ ತಮ್ಮ ಭಾಷೆಯಲ್ಲಿ ಮೈಕಿನ ಮುಂದೆ ಮಾತಾಡಿದರೆ ಪಟ್ಟಣದ ಸುಶಿಕ್ಷಿತರಿಗೆ ಅದು ಅಸಭ್ಯವೆನಿಸಬಹುದು. ನಮ್ಮ ಮದುವೆಗಳಲ್ಲಿ ಹಾಡುತ್ತಿದ್ದ ಬೀಗರ ಹಾಡುಗಳನ್ನೇ ತೆಗೆದುಕೊಳ್ಳಿ. ಬೀಗಿತ್ತಿಯ ನಡಿಗೆಯಿಂದ ಅವಳ ತವರಿನವರೆಗೆ ಯಾವುದನ್ನೂ ಬಿಡದ ಆ ಹಾಡುಗಳನ್ನು ಸಂಹಿತೆಯ ಒರೆಗೆ ಹಚ್ಚಿದರೆ ಎಷ್ಟು ಉಳಿದಾವು? ಸಭ್ಯತೆಯ ಗೆರೆ ಎಳೆಯುವ ಕೈ ಯಾರದೆಂಬುದು ಗೆರೆಯಷ್ಟೇ ಮುಖ್ಯ.

ಉಪಗ್ರಹ ರೇಡಿಯೊವನ್ನು ನಮ್ಮ ಓದುಗರಲ್ಲಿ ಹಲವರು ಮರೆತಿರಲಾರರು. ವರ್ಲ್ಡ್‌ಸ್ಪೇಸ್ ಎಂಬ ಆ ಸೇವೆಯ ಭಾರತದ ಕಚೇರಿ ಬೆಂಗಳೂರಿನಲ್ಲಿತ್ತು. ಬಾಲ್ಕನಿಯಲ್ಲಿ ಪುಟ್ಟ ಆಂಟೆನಾ ತಿರುಗಿಸಿಟ್ಟರೆ ‘ಸ್ಪರ್ಶ’ ಎಂಬ ಕನ್ನಡ ವಾಹಿನಿ, ‘ಶ್ರುತಿ’ಯಲ್ಲಿ ಕರ್ನಾಟಕ ಸಂಗೀತ, ‘ಗಂಧರ್ವ’ದಲ್ಲಿ ಹಿಂದೂಸ್ತಾನಿ. ಎಫ್‌ಎಂಗಳಲ್ಲಿ ಕನ್ನಡ ಕಾಣದ ಹೈದರಾಬಾದಿನ ಮನೆಗಳಿಗೆ ಅದೊಂದು ಭಾಗ್ಯವೇ ಆಗಿತ್ತು. ಜಗತ್ತಿನಾದ್ಯಂತದ ಅದರ ಚಂದಾದಾರರಲ್ಲಿ ಹೆಚ್ಚಿನವರು ಭಾರತೀಯರು. ಆದರೆ ಉಪಗ್ರಹ ರೇಡಿಯೊಗೆಂದೇ ಒಂದು ನೀತಿ ನಮ್ಮಲ್ಲಿರಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2005ರಲ್ಲಿ ಶಿಫಾರಸು ಕೊಟ್ಟಿತು. ಕಂಪನಿ 2008ರಲ್ಲಿ ಅಮೆರಿಕೆಯಲ್ಲಿ ದಿವಾಳಿ ಅರ್ಜಿ ಹಾಕಿ, 2009ರ ಡಿಸೆಂಬರ್ 31ರಂದು ಇಲ್ಲಿಯ ಸೇವೆ ಮುಚ್ಚಿತು. ನೀತಿ ಬರುವ ಮೊದಲೇ ರೇಡಿಯೊ ಹೋಯಿತು.

ಇದೇ ಪ್ರಶ್ನೆಯನ್ನು ಅಮೆರಿಕೆ ಬೇರೆ ರೀತಿ ಬಿಡಿಸಿಕೊಂಡಿತು. 1973ರಲ್ಲಿ ನ್ಯೂಯಾರ್ಕಿನ ಡಬ್ಲ್ಯುಬಿಎಐ ನಿಲಯವು ಹಾಸ್ಯಗಾರ ಜಾರ್ಜ್ ಕಾರ್ಲಿನ್ನರ ಬೈಗುಳಗಳ ಕುರಿತ ಭಾಷಣವನ್ನು ಹಾಡಹಗಲೇ ಪ್ರಸಾರ ಮಾಡಿತು. ಮಗನೊಡನೆ ಕಾರಿನಲ್ಲಿ ಹೋಗುತ್ತಿದ್ದ ತಂದೆಯೊಬ್ಬರು ದೂರಿತ್ತರು. 1978ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಐದು-ನಾಲ್ಕರ ಬಹುಮತದಿಂದ, ಅಶ್ಲೀಲವೆನಿಸದ ಆದರೆ ಅಸಭ್ಯವಾದ ಮಾತನ್ನೂ ರೇಡಿಯೊದಲ್ಲಿ ನಿಯಂತ್ರಿಸಬಹುದೆಂದಿತು. ಕಾರಣ ಎರಡು: ರೇಡಿಯೊ ಕರೆಯದೆಯೇ ಮನೆಯೊಳಗೆ ಬರುತ್ತದೆ, ಅದು ಓದು ಬಾರದ ಮಗುವಿನ ಕಿವಿಗೂ ಬೀಳುತ್ತದೆ. ಹಾಗೆಂದು ಪೂರ್ತಿ ನಿಷೇಧವಿಲ್ಲ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಅಸಭ್ಯತೆಗೆ ಅಲ್ಲಿ ವಿನಾಯಿತಿ. ಹಣ ಕೊಟ್ಟು ತರಿಸಿಕೊಳ್ಳುವ ಉಪಗ್ರಹ ರೇಡಿಯೊಗೆ ಈ ನಿಯಮವೇ ತಟ್ಟಲಿಲ್ಲ, ಏಕೆಂದರೆ ಅದು ಕರೆಸಿಕೊಂಡ ಅತಿಥಿ. ಮಾತಿನ ಕಟ್ಟಿಲ್ಲದ ಹೋವರ್ಡ್ ಸ್ಟರ್ನ್ ಎಂಬ ನಿರೂಪಕ 2006ರ ಜನವರಿಯಲ್ಲಿ ತನ್ನ ಕಾರ್ಯಕ್ರಮವನ್ನು ಎಫ್‌ಎಂ ಬಿಟ್ಟು ಉಪಗ್ರಹಕ್ಕೆ ಸಾಗಿಸಿದ್ದು ಈ ಬಾಗಿಲಿನಿಂದಲೇ. ಅದೇ ವರ್ಷ ಅಲ್ಲಿಯ ಅಲೆ-ಪ್ರಸಾರಕ್ಕೆ ದಂಡವನ್ನು ಹತ್ತು ಪಟ್ಟು ಹೆಚ್ಚಿಸಿ 3,25,000 ಡಾಲರ್ ಮಾಡಿದರು.

ಕರೆಯದೆ ಬಂದವರು, ಕರೆಸಿಕೊಂಡವರು ಎಂಬ ಈ ಭೇದ ನಮಗೆ ಹಿಡಿಸುತ್ತದೆ. ಆದರೆ ಎಚ್‌ಎಂಟಿ ನಗರದ ಆ ಸ್ಪೀಕರು ಯಾವ ಜಾತಿ? ಕರೆದದ್ದು ನಿಜ, ಕರೆದದ್ದು ಕಥೆಯನ್ನು. ಬಂದದ್ದು ಬೇರೆ. 1978ರ ನ್ಯಾಯಾಧೀಶರಿಗೆ ಇಂಥ ಅತಿಥಿಯ ಕಲ್ಪನೆಯೇ ಇರಲಾರದು.

ಈಗ ನಮ್ಮ ದೇಶದ ಅಂತರಜಾಲದ ಧ್ವನಿಗೆ ಬರೋಣ. ಇಲ್ಲಿ ಅಲೆಯ ಪರವಾನಗಿಯಿಲ್ಲ, ಆದ್ದರಿಂದ ಕರಾರಿಲ್ಲ, ಆದ್ದರಿಂದ ಆಕಾಶವಾಣಿಯ ಸಂಹಿತೆಯೂ ಇಲ್ಲ. ಆಕಾಶವಾಣಿ ತಾನೇ ತನ್ನ ಕನ್ನಡ ನಿಲಯಗಳನ್ನು ಮೊಬೈಲಿನಲ್ಲಿ ಕೇಳಿಸಿದರೆ ಸಂಹಿತೆ ಅದರ ಜೊತೆಗೇ ಬರುತ್ತದೆ, ಅದು ಮನೆತನದ ಕಟ್ಟಳೆ. ಎಫ್‌ಎಂ ಕಂಪನಿಯೊಂದು ಅಲೆಗೆ ಹೋಗದ, ಅಂತರಜಾಲಕ್ಕೆಂದೇ ಮಾಡಿದ ವಾಹಿನಿ ನಡೆಸಿದರೆ ಅದು ಅನುಮತಿ ಪತ್ರದ ಹೊರಗೆ. ಹಾಗಾದರೆ ಯಾರೂ ಏನೂ ಆಡಬಹುದೇ? ಇಲ್ಲ. ಕರಾರು ಇಲ್ಲದಲ್ಲಿ ಅಪರಾಧದ ಕಾನೂನು ಇದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 67ನೆಯ ಕಲಮಿನಂತೆ ವಿದ್ಯುನ್ಮಾನ ರೂಪದಲ್ಲಿ ಅಶ್ಲೀಲವನ್ನು ಪ್ರಕಟಿಸಿದರೆ ಅಥವಾ ರವಾನಿಸಿದರೆ ಮೊದಲ ಬಾರಿಗೆ 3 ವರ್ಷದವರೆಗೆ ಸೆರೆ ಹಾಗೂ 5 ಲಕ್ಷ ರೂಪಾಯಿಯವರೆಗೆ ದಂಡ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 294ನೆಯ ಕಲಮು ಹಳೆಯ ದಂಡಸಂಹಿತೆಯ 292ರ ಜಾಗದಲ್ಲಿ ನಿಂತು, ವಿದ್ಯುನ್ಮಾನ ರೂಪದ ಪ್ರದರ್ಶನವನ್ನೂ ಹೆಸರಿಸಿಯೇ ಒಳಗೊಂಡಿದೆ.

ಇಲ್ಲಿರುವ ವೈಚಿತ್ರ್ಯವನ್ನು ಓದುಗರು ಗಮನಿಸಬೇಕು. ಎಫ್‌ಎಂನಲ್ಲಿ ಗೆರೆ ಬಿಗಿ, ಶಿಕ್ಷೆ ಹಗುರ: ಎಚ್ಚರಿಕೆ, ಇಲ್ಲವೇ ಕೆಲದಿನ ಮೌನ. ಅಂತರಜಾಲದಲ್ಲಿ ಗೆರೆ ಸಡಿಲ, ದಾಟಿದರೆ ಜೈಲು. ಸಭ್ಯತೆ ಬೇರೆ, ಅಶ್ಲೀಲತೆ ಬೇರೆ ಎಂಬುದೇ ಇದರ ಗುಟ್ಟು.

ಯಾವುದು ಅಶ್ಲೀಲ? 1964ರಲ್ಲಿ ಲಾರೆನ್ಸನ ‘ಲೇಡಿ ಚಾಟರ್ಲಿಯ ಪ್ರಿಯಕರ’ ಮಾರಿದ ಪುಸ್ತಕದಂಗಡಿಯವರ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 1868ರ ಇಂಗ್ಲಿಷ್ ತೀರ್ಪೊಂದರ ಅಳತೆಗೋಲನ್ನು ಬಳಸಿತು: ದುರ್ಬಲ ಮನಸ್ಸನ್ನು ಕೆಡಿಸಬಲ್ಲದ್ದು ಅಶ್ಲೀಲ. 2014ರ ಅವೀಕ್ ಸರ್ಕಾರ್ ತೀರ್ಪಿನಲ್ಲಿ ಆ ಕೋಲನ್ನು ಬದಿಗಿಟ್ಟು, ಸಮಕಾಲೀನ ಸಮಾಜದ ಸಾಮಾನ್ಯ ಮನುಷ್ಯನ ದೃಷ್ಟಿಯಿಂದ ಕೃತಿಯನ್ನು ಇಡಿಯಾಗಿ ನೋಡಬೇಕೆಂದಿತು. 2024ರ ಮಾರ್ಚ್ 19ರ ತೀರ್ಪು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ‘ಕಾಲೇಜ್ ರೋಮಾನ್ಸ್’ ಎಂಬ ಅಂತರಜಾಲ ಧಾರಾವಾಹಿಯಲ್ಲಿ ವಿದ್ಯಾರ್ಥಿಗಳಾಡುವ ಹೊಲಸು ಮಾತಿಗಾಗಿ 67ನೆಯ ಕಲಮಿನಡಿ ಹೂಡಿದ್ದ ಮೊಕದ್ದಮೆಯನ್ನು ರದ್ದುಗೊಳಿಸುತ್ತ, ಬೈಗುಳವೂ ಒರಟು ಮಾತೂ ಕೇಳುವವರಿಗೆ ಹೇಸಿಗೆ ತರಬಹುದು, ಅಷ್ಟರಿಂದಲೇ ಅವು ಅಶ್ಲೀಲವಾಗವು, ಕಾಮವನ್ನು ಕೆರಳಿಸುವ ಗುಣ ಅದರಲ್ಲಿರಬೇಕು ಎಂಬ ನಿಲುವನ್ನು ನ್ಯಾಯಾಲಯ ತಳೆಯಿತು. ಅದರಂತೆ ದಸರೆಯ ಮನೆಯಲ್ಲಿ ನಾವು ಕೇಳಿದ ಅರ್ಧ ನಿಮಿಷ ಎಫ್‌ಎಂನಲ್ಲಿ ಬಂದಿದ್ದರೆ ಕರಾರಿನ ಭಂಗ. ಸ್ಪೀಕರಿನಲ್ಲಿ ಬಂದದ್ದರಿಂದ ಬಹುಮಟ್ಟಿಗೆ ಅಪರಾಧವಲ್ಲ.

ಆ ಮನೆಯ ಸೋದರಳಿಯನೊಬ್ಬ ಬೆಂಗಳೂರಿನಲ್ಲಿ ತಾನೂ ಕನ್ನಡ ಪಾಡ್‌ಕಾಸ್ಟ್ ಮಾಡುತ್ತಾನೆ, ಕೆರೆಗಳ ಚರಿತ್ರೆಯ ಬಗೆಗೆ. ಆತ ಅಂದು ಹೇಳಿದ್ದು: "ಅತ್ತೆ, ಬೈದವರನ್ನು ಜೈಲಿಗೆ ಹಾಕುವ ಕಾನೂನು ಬಂದರೆ ಮೊದಲು ಮೈಕು ಮುಚ್ಚುವವರು ನಾವು, ಅವರಲ್ಲ." ಅವನ ಭಯ ಸುಳ್ಳಲ್ಲ. 2025ರ ಫೆಬ್ರುವರಿಯಲ್ಲಿ ಯೂಟ್ಯೂಬಿನ ಹಾಸ್ಯ ಕಾರ್ಯಕ್ರಮವೊಂದರಲ್ಲಿ ರಣವೀರ್ ಅಲಹಾಬಾದಿಯಾ ಕೇಳಿದ ಹೇಸಿಗೆಯ ಪ್ರಶ್ನೆಯ ಮೇಲೆ ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಪೊಲೀಸ್ ದೂರುಗಳಾದವು. ಸರ್ವೋಚ್ಚ ನ್ಯಾಯಾಲಯ ಬಂಧನದಿಂದ ರಕ್ಷಣೆ ಕೊಟ್ಟಿತು, ಆದರೆ ಅವರ ಎಲ್ಲ ಕಾರ್ಯಕ್ರಮಗಳನ್ನೂ ತಡೆಯಿತು. ಮಾರ್ಚ್ 3ರಂದು, ಯಾವ ವಯಸ್ಸಿನವರೂ ನೋಡುವಂಥ ಸಭ್ಯತೆ ಕಾಯ್ದುಕೊಳ್ಳುವ ಷರತ್ತಿನ ಮೇಲೆ ಪಾಡ್‌ಕಾಸ್ಟ್ ಮುಂದುವರಿಸಲು ಬಿಟ್ಟಿತು. ಗಮನಿಸಿ, ಅಲ್ಲಿ ಹಿಂಬಾಗಿಲಿನಿಂದ ಬಂದದ್ದು ಆಕಾಶವಾಣಿಯ ಹಳೆಯ ಗೆರೆಯೇ. ಅಂದಿನ ಮಾತು ಹೇಸಿಗೆಯದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಒಬ್ಬನ ಜಾಮೀನಿನ ಷರತ್ತಾಗಿ ಹುಟ್ಟಿದ ಗೆರೆ ಎಲ್ಲರ ಕಾನೂನಾಗುವುದು ಒಳ್ಳೆಯದಲ್ಲವೆಂದು ನಮ್ಮ ಅಭಿಪ್ರಾಯ.

ನಡುವಿನ ದಾರಿಯೊಂದನ್ನು 2021ರ ಫೆಬ್ರುವರಿ 25ರ ಮಾಹಿತಿ ತಂತ್ರಜ್ಞಾನ ನಿಯಮಗಳು ಹುಡುಕಿವೆ. ಕತ್ತರಿಸುವ ಬದಲು ಚೀಟಿ ಅಂಟಿಸುವುದು: ಎಲ್ಲರಿಗೆ, 7 ದಾಟಿದವರಿಗೆ, 13 ದಾಟಿದವರಿಗೆ, 16 ದಾಟಿದವರಿಗೆ, ವಯಸ್ಕರಿಗೆ. 13ರಿಂದ ಮೇಲಿನದಕ್ಕೆ ತಂದೆತಾಯಿಯರ ಬೀಗ ಇರಬೇಕು. ಆದರೆ ಈ ನಿಯಮದ ವ್ಯಾಖ್ಯೆಯಲ್ಲೊಂದು ಗಂಟಿದೆ. ಅದು ಮಾತಾಡುವುದು ಶ್ರವಣ-ದೃಶ್ಯ ಸಾಮಗ್ರಿಯ ಬಗೆಗೆ. ಅದರ ಪಟ್ಟಿಯಲ್ಲಿ ಚಲನಚಿತ್ರ, ಧಾರಾವಾಹಿಗಳ ಜೊತೆಗೆ ಪಾಡ್‌ಕಾಸ್ಟ್ ಎಂಬ ಪದವೂ ಇದೆ. ಬರಿಯ ಧ್ವನಿಯ ಪಾಡ್‌ಕಾಸ್ಟ್ ದೃಶ್ಯವೋ ಅಲ್ಲವೋ? ಎರಡನೆಯ ಗಂಟು, ಆ್ಯಪ್ ಕಂಪನಿ ತಾನೇ ಆಯ್ದು ಕೊಡುವ ಕಾರ್ಯಕ್ರಮಕ್ಕೆ ಈ ವರ್ಗೀಕರಣ ಅನ್ವಯಿಸುತ್ತದೆ. ಯಾರೋ ಏರಿಸಿದ ಕಾರ್ಯಕ್ರಮಕ್ಕೆ ಅದು ಬರಿಯ ಮಧ್ಯವರ್ತಿ. ಕೇಳುವವರಿಗೆ ಎರಡೂ ಒಂದೇ ಪರದೆಯ ಮೇಲೆ ಅಕ್ಕಪಕ್ಕ ಕಾಣುತ್ತವೆ. ಸಾಲದ್ದಕ್ಕೆ ನಿಯಮಗಳ 9ನೆಯ ಕಟ್ಟಳೆಯ ಮುಖ್ಯ ಭಾಗಗಳಿಗೆ ಬಾಂಬೆ ಉಚ್ಚ ನ್ಯಾಯಾಲಯ 2021ರ ಆಗಸ್ಟಿನಲ್ಲೇ ತಡೆಯಾಜ್ಞೆ ನೀಡಿತು. 2023ರ ನವೆಂಬರಿನಲ್ಲಿ ಪ್ರಸಾರ ಸೇವೆಗಳ ಮಸೂದೆಯ ಕರಡು ಹೊರಬಂದು, ಅಲೆ, ಕೇಬಲ್, ಅಂತರಜಾಲಗಳೆಲ್ಲವನ್ನೂ ಒಂದೇ ಛತ್ರದಡಿ ತರುವೆನೆಂದಿತು; ಮರುವರ್ಷ ಅದನ್ನು ಮರುಪರಿಶೀಲನೆಗೆ ಒಯ್ದರು. 2025ರ ಅಕ್ಟೋಬರಿನಲ್ಲಿ ಟ್ರಾಯ್ ಹೈದರಾಬಾದು, ಬೆಂಗಳೂರು ಸೇರಿದಂತೆ ದೊಡ್ಡ ನಗರಗಳಲ್ಲಿ ಖಾಸಗಿ ಡಿಜಿಟಲ್ ರೇಡಿಯೊಗೆ ಶಿಫಾರಸು ಮಾಡಿದೆ. ಅದು ಬಂದರೆ ಅಲೆಯ ಮೇಲೆಯೇ ಬರುವುದರಿಂದ ಹಳೆಯ ಕರಾರಿನ ಹಾದಿಯನ್ನೇ ಹಿಡಿಯಬಹುದು.

ಇನ್ನು ಅಜ್ಜಿಯ ಕಾರ್ಡು. ಎಫ್‌ಎಂ ಅಥವಾ ಸಮುದಾಯ ಬಾನುಲಿಯ ಮಾತಾದರೆ ದಿನಾಂಕ, ಹೊತ್ತು, ಕಾರ್ಯಕ್ರಮದ ಹೆಸರು ಬರೆದು ಮೊದಲು ನಿಲಯಕ್ಕೆ, ಆಮೇಲೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ದೂರು ಕೊಡಬಹುದು. ಧ್ವನಿಮುದ್ರಿಕೆ ಅವರ ಬಳಿ ಬಹುಕಾಲ ಇರದು, ತಡಮಾಡಬಾರದು. ಆ್ಯಪಿನ ಮಾತಾದರೆ ಅದರ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಹೆಸರು, ವಿಳಾಸಗಳನ್ನು ಆ್ಯಪಿನಲ್ಲಿ ಪ್ರಕಟಿಸುವುದು ಅವರ ಕರ್ತವ್ಯ. 2021ರ ಮೂಲ ನಿಯಮದಲ್ಲಿ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ನಿರ್ಣಯ ಎಂದಿತ್ತು. ಉತ್ತರ ಒಪ್ಪಿಗೆಯಾಗದಿದ್ದರೆ 2023ರಲ್ಲಿ ರಚನೆಯಾದ ಮೇಲ್ಮನವಿ ಸಮಿತಿಗಳುಂಟು. ಇದಕ್ಕೆಲ್ಲ ಮೊದಲು ಮಾಡಬೇಕಾದದ್ದು ಎರಡು ನಿಮಿಷದ ಕೆಲಸ: ಸ್ಪೀಕರಿನ ಆ್ಯಪಿನಲ್ಲಿ ಅಸಭ್ಯ ಸಾಮಗ್ರಿಯನ್ನು ತಡೆಯುವ ಗುಂಡಿಯನ್ನು ಹುಡುಕಿ ಒತ್ತುವುದು. ಪಾಡ್‌ಕಾಸ್ಟುಗಳ ಪಕ್ಕದಲ್ಲಿ ಕಾಣುವ ಇಂಗ್ಲಿಷಿನ ‘ಇ’ ಅಕ್ಷರ ಅಂಥ ಮಾತಿನ ಗುರುತು. ಅದನ್ನು ಹಚ್ಚಬೇಕಾದವರು ಕಾರ್ಯಕ್ರಮ ಮಾಡುವವರೇ, ಹಚ್ಚದಿದ್ದರೆ ಬೀಗಕ್ಕೆ ಕಳ್ಳ ಕಾಣುವುದಿಲ್ಲ.

ದಸರೆಯ ಆ ಕಾರ್ಯಕ್ರಮಕ್ಕೂ ‘ಇ’ ಇರಲಿಲ್ಲ. ಅದನ್ನು ತೆಗೆದುಹಾಕಿರೆಂದಲ್ಲ, ಗುರುತು ಹಚ್ಚಿರೆಂದು ಮಗ ಕಂಪನಿಗೆ ಬರೆದರು. ಕನ್ನಡದಲ್ಲಿ ಆಡಿದ ಮಾತಿನ ದೂರನ್ನು ಇಂಗ್ಲಿಷಿಗೆ ತಂದು ವಿವರಿಸುವಾಗ ಅವರು ಬಹಳ ಮುಜುಗರಪಟ್ಟರಂತೆ. ಹನ್ನೊಂದನೆಯ ದಿನ ಗುರುತು ಬಂತು. ಅಜ್ಜಿಗೆ ಹೇಳಿದಾಗ ಅವರು ಕೇಳಿದ್ದು, ಡೈರೆಕ್ಟರರ ಸಹಿಯಿರುವ ಕಾಗದ ಎಲ್ಲಿ ಎಂದು.